ಕೃಷ್ಣಾಜಿಯವರ ಹೆಸರಿನಲ್ಲಿ ಕುಳಿತವನು

ಪರದೆ ಮತ್ತೆ ಕಪ್ಪಾಯಿತು. ಹೆಸರು ಸರಿ, ಪಾಸ್‌ವರ್ಡ್ ಸರಿ. ಒಳಗೆ ಮಾತ್ರ ಬಿಡಲಿಲ್ಲ. ಹಾವೇರಿಯ ಮನೆಯಲ್ಲಿ ವಿಂಡೋಸ್ ಕಂಪ್ಯೂಟರಿನ ಮುಂದೆ ಕುಳಿತಿದ್ದ ಕೃಷ್ಣಾಜಿ ಮೂರನೆಯ ಸಲ ಪ್ರಯತ್ನಿಸಿ ಕೈ ಹಿಂದೆಗೆದರು.

ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಅವರದೊಂದು ಲಿನಕ್ಸ್ ಕಂಪ್ಯೂಟರು. ಮನೆಯಿಂದಲೇ ಅದನ್ನು ತೆರೆದು ನೋಡುವಂತೆ ಜೋಡಿಸಿಕೊಟ್ಟವನು ಅಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಜಾಕೀರ್. ಆಗಲೇ ಒಂದು ಮಾತು ಹೇಳಿದ್ದ: ಅಲ್ಲಿ ಅದೇ ಹೆಸರಿನಲ್ಲಿ ಯಾರಾದರೂ ಕುಳಿತಿದ್ದರೆ, ಇಲ್ಲಿ ಬರೀ ಕಪ್ಪು ಕಾಣುತ್ತದೆ.

ಅಂದರೆ ಯಾರೋ ಕುಳಿತಿದ್ದಾರೆ.

ಬ್ಯಾಡಗಿ ಮೆಣಸಿನಕಾಯಿ ಬೀಜದ ಒಂದು ಲಾಟು ಮೊಳಕೆ ಪರೀಕ್ಷೆಯಲ್ಲಿ ಸೋತಿತ್ತು; ನೂರಕ್ಕೆ ನಲವತ್ತೇ ಮೊಳೆತಿತ್ತು. ಆ ವರದಿ ಕೃಷ್ಣಾಜಿಯವರ ಹೆಸರಿನಲ್ಲೇ ಹೋಗಬೇಕು. ನಲವತ್ತನ್ನು ತೊಂಬತ್ತು ಮಾಡುವುದು ಎಷ್ಟು ಹೊತ್ತಿನ ಕೆಲಸ? ಮೋಟೆಬೆನ್ನೂರಿನ ಹೊಲಗಳಿಗೆ ಜೊಳ್ಳು ಬೀಳುತ್ತದೆ. ಮೂವತ್ತೊಂದು ವರ್ಷ ಸುಳ್ಳು ಅಂಕಿ ಬರೆಯದ ಕೈ ಅವರದು.

ಹದಿನೈದು ದಿನ ಆಫೀಸಿಗೆ ಬರುವುದು ಬೇಡ ಎಂದು ಮ್ಯಾನೇಜರು ಹೇಳಿದ್ದರು, ಮುಖಕ್ಕೆ ಮುಖ ಕೊಡದೆ. ಕೋಣೆಯ ಬೀಗದ ಕೈಯನ್ನೂ ತಾವೇ ಇಟ್ಟುಕೊಂಡಿದ್ದರು. ಅಂದಿನಿಂದ ಮನೆಗೆ ಬಂದವರೆಲ್ಲ ತಗ್ಗಿದ ದನಿಯಲ್ಲಿ ಎರಡು ಮಾತಾಡಿ ಎದ್ದು ಹೋಗುತ್ತಿದ್ದರು. ದೇವರ ಮುಂದೆ ಕೂರುವಂತೆಯೂ ಇರಲಿಲ್ಲ. ಕೃಷ್ಣಾಜಿಯವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚಹಾ ಆರಿ ಕೆನೆ ಕಟ್ಟಿತ್ತು. ಇಷ್ಟು ಹೊತ್ತು ಕಂಪ್ಯೂಟರಿಗೆ ಅಂಟಿಕೊಂಡರೂ ಹೆಂಡತಿ ಗೋದೂಬಾಯಿ, ಸಾಕು ಏಳಿ, ಎನ್ನಲಿಲ್ಲ.

ಜಾಕೀರನಿಗೆ ಫೋನು ಮಾಡಿದರು. ಯಾರೋ ತಮ್ಮ ಹೆಸರಿನಲ್ಲಿ ವರದಿ ತಿದ್ದುತ್ತಿದ್ದಾರೆ, ಹೋಗಿ ನೋಡು ಎಂದರು.

"ನಿಮ್ಮ ಕುರ್ಚಿ ಸರಸಾಕೂ ಮಂದಿ ಹೆದರತೈತ್ರಿ ಕಾಕಾ. ನಿಮ್ಮ ಹೆಸರಿನ್ಯಾಗ ಯಾರು ಕುಂದರ್ತಾರ?" ಎನ್ನುತ್ತಲೇ ಅವನು ಕೋಣೆಯ ಬೀಗ ತೆಗೆಸಿದ. ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು.

"ಒಬ್ರು ಒಳಗ ಅದಾರ್ರಿ."

"ಯಾರು?"

"ನೀವ ಅದೀರಿ ಕಾಕಾ."

ಲಾಗೌಟ್ ಆಗದೆ ತಾನು ಎಂದೂ ಎದ್ದವನಲ್ಲ ಎಂದರು ಕೃಷ್ಣಾಜಿ.

"ಹನ್ನೆರಡನೇ ತಾರೀಖು ಮುಂಜಾನೆ ಒಳಗ ಬಂದೀರಿ. ಹನ್ನೊಂದೂ ಹತ್ತರ ಮ್ಯಾಲ ಒಂದು ಕೀಲಿನೂ ಒತ್ತಿಲ್ಲ. ವರದಿ ಅರ್ಧಕ್ಕ ನಿಂತೈತಿ. ನಲವತ್ತು ನಲವತ್ತ ಐತ್ರಿ, ಯಾರೂ ಮುಟ್ಟಿಲ್ಲ."

ಹನ್ನೊಂದೂ ಹತ್ತು. ದವಾಖಾನೆಯಿಂದ ಫೋನು ಬಂದ ಹೊತ್ತು.

ಜಾಕೀರನೇ ಮೆಲ್ಲಗೆ ಕೇಳಿದ, "ಹೊರಗ ಹಾಕ್ಲೇನ್ರಿ? ಅಂದ್ರ ನೀವು ಅಲ್ಲಿಂದ ಒಳಗ ಬರಬಹುದು."

"ಬ್ಯಾಡ. ಇವತ್ತೊಂದಿನ ಅಂವ ಕೂಡ್ಲಿ ಬಿಡಪಾ," ಎಂದರು ಕೃಷ್ಣಾಜಿ. "ಗೋದೂಬಾಯಿ ಹೋಗಿದ್ದು ಅವಗ ಇನ್ನೂ ಗೊತ್ತಿಲ್ಲ."