ಗಾಜಿನ ಸೇತುವೆಯ ನಡುವೆ

ಮಳೆ ನಿಂತು ಮಂಜು ಸರಿದ ಮೇಲೆಯೇ ಚನ್ನಿಗಪ್ಪನಿಗೆ ತಾನು ನಿಂತಿರುವುದು ಗಾಜಿನ ಸೇತುವೆಯ ನಟ್ಟನಡುವೆ ಎಂದು ಕಂಡದ್ದು. ಕಾಲಡಿಯ ಪಾತಾಳದಲ್ಲಿ ಚೀನಾದ ಯಾವುದೋ ಹಳ್ಳಿಯ ಮನೆಗಳು ಬೆಂಕಿಪೊಟ್ಟಣಗಳಂತೆ ಬಿದ್ದಿದ್ದವು. ಕಂಬಿ ತಬ್ಬಿಕೊಂಡ.

“ಲತಾ, ನಂಗಾಗಲ್ಲ ಕಣೇ. ಹಿಂದಕ್ಕೂ ಬರಲ್ಲ, ಮುಂದಕ್ಕೂ ಬರಲ್ಲ. ಇಲ್ಲೇ ಬುಟ್ಬುಡು ನನ್ನ.”

ಕುಣಿಗಲ್ಲಿನ ಕುದುರೆ ಫಾರಂನಲ್ಲಿ, ಬೆದರಿದ ಕುದುರೆಗಳಿಗೆ ಟವೆಲ್ಲಿನಿಂದ ಕಣ್ಣು ಕಟ್ಟಿ ನಡೆಸುತ್ತಲೇ ತಲೆ ನರೆತವನು ಅವನು. ಹೆಂಡತಿ ಪ್ರೇಮಲತಾ ಅವನ ಹೆಗಲ ಮೇಲಿದ್ದ ಒದ್ದೆ ಟವೆಲ್ ಎಳೆದು ಅವನ ಕಣ್ಣಿಗೇ ಬಿಗಿದಳು. ಕತ್ತು ಸವರಿದಳು.

“ಹೋ ಹೋ, ನನ್ ರಾಜ... ನಾನಿದೀನಲ್ಲ, ಬಾ.”

ಕುದುರೆಗಳಿಗೆ ಅವನು ಹೇಳುತ್ತಿದ್ದ ಮಾತೇ ಅದು. ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟ. ಆಗ ಗೊತ್ತಾಯಿತು, ಹಿಡಿದು ನಡೆಸುತ್ತಿದ್ದ ಅವಳ ಕೈ ತನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.