ಒಗ್ಗರಣೆ ಇಲ್ಲದ ಸಾರು

ಸಾಸಿವೆ ಸಿಡಿಯುವ ಮೊದಲೇ ಫ್ರೀಡಾ ಕೈಚಾಚಿ ಗ್ಯಾಸ್ ಆಫ್ ಮಾಡಿದಳು. "ನಂಗೂ ಒಗ್ಗರಣೆ ಬೇಡ ಆಂಟಿ."

ಸೌಟು ಹಿಡಿದಿದ್ದ ಮುನಿಕೃಷ್ಣಮ್ಮ ತಿರುಗಿ ನೋಡಿದಳು. ಅತ್ತೆ ತೀರಿಕೊಂಡು ನಾಲ್ಕು ದಿನವಾಗಿತ್ತು. ಸೂತಕ ಕಳೆಯುವವರೆಗೆ ಕೊಡಿಗೇಹಳ್ಳಿಯ ಆ ಮನೆಯಲ್ಲಿ ಯಾರ ಸಾರಿಗೂ ಒಗ್ಗರಣೆಯಿಲ್ಲ. ಜರ್ಮನಿಯಿಂದ ಒಂದು ವರ್ಷ ಓದಲು ಬಂದು ಅವರ ಮನೆಯಲ್ಲೇ ಇದ್ದ ಈ ಹುಡುಗಿಗೆ ಮಾತ್ರ ದಿನವೂ ಬೇರೆ ಪಾತ್ರೆಯಲ್ಲಿ ಘಮಘಮಿಸುವ ಸಾರು.

"ಸೂತಕ ನಮಗೆ ಕಣಮ್ಮ, ನಿಂಗಲ್ಲ. ನಿಮ್ಮಮ್ಮ ನಮ್ಮನ್ನ ನಂಬಿ ಕಳ್ಸವ್ರೆ. ಸಪ್ಪೆ ಸಾರು ಹೆಂಗೆ ಬಡಿಸ್ಲಿ?"

"ಏಳು ತಿಂಗಳು ಅಜ್ಜಿ ಪಕ್ಕ ಮಲಗಿದ್ದು ನಾನು," ಎಂದಳು ಫ್ರೀಡಾ. ಒಲೆಯ ನಾಬ್ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ. "ಅವರಿಗೆ ದಿನಾ ಎಲೆಅಡಿಕೆ ಕುಟ್ಟಿ ಕೊಟ್ಟಿದ್ದೂ ನಾನೇ. ಸೂತಕ ಹೆಂಗೆ ನಂಗಲ್ಲ?"

ಮುನಿಕೃಷ್ಣಮ್ಮ ಒಗ್ಗರಣೆಯನ್ನು ಒಲೆಯಿಂದ ಇಳಿಸಿದಳು. ಆಮೇಲೆ ಮನೆಯವರ ಪಾತ್ರೆಯಿಂದಲೇ ಸಪ್ಪೆ ಸಾರನ್ನು ಅವಳ ತಟ್ಟೆಗೆ ಬಡಿಸಿದಳು.

"ಹನ್ನೊಂದನೇ ದಿನದವರೆಗೂ ಇದೇಯ. ಮಧ್ಯದಲ್ಲಿ ಬೇರೆ ಕೇಳಂಗಿಲ್ಲ," ಎಂದು ಸಾಸಿವೆ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಳು.