ಕೆಂಪಯ್ಯ ಬೇಡವೆಂದ ಸಿನಿಮಾ

"ಹೊಡೆದಾಟ ಇದೆಯಾ, ತಾತ?"

"ಇಲ್ಲ ಕಣವ್ವ."

"ಕೆಟ್ಟ ಮಾತು? ಕುಣಿತ?"

"ಅಂತಾದ್ದೇನೂ ಇಲ್ಲ. ಒಳ್ಳೇ ಪಿಚ್ಚರು."

"ಮತ್ಯಾಕೆ ದಿವ್ಯಳನ್ನ ಕಳಿಸಲ್ಲ?"

"ಮಗೀಗೆ ಬ್ಯಾಡ. ಅಷ್ಟೇಯ."

ಚೈತ್ರಾ ಹಲ್ಲು ಕಚ್ಚಿದಳು. ಚನ್ನಪಟ್ಟಣದ ಆ ಶಾಲೆಗೆ ಈ ವರ್ಷವಷ್ಟೇ ಬಂದ ಶಿಕ್ಷಕಿ ಅವಳು. ಮಕ್ಕಳನ್ನು ಸಿನಿಮಾಕ್ಕೆ ಕರೆದೊಯ್ಯುವ ಮುನ್ನ ತಾನೇ ನೋಡಿ, ಆಗುವುದೋ ಆಗದೋ ಎಂದು ಹೆತ್ತವರಿಗೆ ತಿಳಿಸುವ ಹೊಣೆ ಅವಳದು. ಈ ಚಿತ್ರವನ್ನಂತೂ ಅಕ್ಕಿಯಲ್ಲಿ ಕಲ್ಲು ಹೆಕ್ಕುವಂತೆ ನೋಡಿದ್ದಳು. ರಾಮನಗರದ ಬಂಡೆಗಳ ನಡುವೆ, ಸುತ್ತಲಿನ ಊರವರನ್ನೇ ಕೂಲಿಗೆ ಕರೆದು ತೆಗೆದದ್ದು; ತಪ್ಪಿಸಿಕೊಂಡ ಕರುವನ್ನು ಮಕ್ಕಳು ಹುಡುಕುವ ಕಥೆ. ನಡುವೆ ಒಂದು ಶವಯಾತ್ರೆ ಹಾದುಹೋಗುತ್ತದೆ, ನಿಜ. ಆದರೆ ಚಟ್ಟದ ಮೇಲಿನವನದು ನಿದ್ದೆಹೋದವನಂಥ ಮುಖ, ಹಸುಗೂಸೂ ಹೆದರದು.

ಹೆತ್ತವರೆಲ್ಲ ಒಪ್ಪಿದ್ದರು. ಕೆಂಪಯ್ಯನೊಬ್ಬ ಜಗ್ಗಲಿಲ್ಲ. ಅಪ್ಪ ಕನಕಪುರದ ಕಲ್ಲು ಕ್ವಾರಿಯಲ್ಲಿ ಸತ್ತ ಮೇಲೆ ದಿವ್ಯಳಿಗೆ ತಾತನೇ ದಿಕ್ಕು. ನಾಳೆ ತರಗತಿಯೆಲ್ಲ ಹೊರಡಲಿದೆ. ಮಗು ಅತ್ತೂ ಅತ್ತೂ ಊಟ ಬಿಟ್ಟಿದೆ.

ಚೈತ್ರಾಳಿಗೆ ಸಿಟ್ಟು ಬಂದದ್ದು ಅದಕ್ಕಷ್ಟೇ ಅಲ್ಲ. ಮೊಮ್ಮಗಳಿಗೆ ಬೇಡವೆಂದ ಈ ಮುದುಕ ತಾನು ಮಾತ್ರ ದಿನವೂ ಮ್ಯಾಟಿನಿಗೆ ಹಾಜರು! ಅರ್ಧಕ್ಕೇ ಎದ್ದು ಬಂದು, ಟಾಕೀಸಿನ ಅಂಗಳದ ನಲ್ಲಿಯಡಿ ತಲೆಯೊಡ್ಡಿ, ತೊಯ್ದ ಪಂಚೆಯಲ್ಲೇ ಊರ ದಾರಿ ಹಿಡಿಯುತ್ತಿದ್ದನಂತೆ.

"ಏನ್ ನೋಡಿ ಬಿಸಿ ಏರ್ತೈತೋ ಮುದ್ಕಂಗೆ! ತಣ್ಣಗ್ ಮಾಡ್ಕಂಡ್ ಹೋಯ್ತಾನೆ, ಮೇಡಂ," ಎಂದು ಗೇಟು ಕಾಯುವ ಮುನಾವರ್ ನಕ್ಕಿದ್ದ.

ಅಂದು ಮಧ್ಯಾಹ್ನ ಅವಳೂ ಟಿಕೆಟು ಕೊಂಡು ಅವನ ಹಿಂದಿನ ಸಾಲಿನಲ್ಲಿ ಕುಳಿತಳು. ಕೆಂಪಯ್ಯನ ಕಾಲಲ್ಲಿ ಚಪ್ಪಲಿಯಿರಲಿಲ್ಲ. ತೆರೆಯ ಮೇಲೆ ಕರು ಕಳೆಯಿತು, ಮಕ್ಕಳು ಬಂಡೆ ಹತ್ತಿದರು, ತಮಟೆ ಕೇಳಿಸಿತು. ಅವನು ಥಟ್ಟನೆ ಎದ್ದು ನಿಂತ.

"ಕುತ್ಕಳಯ್ಯೋ! ನೀನೇನ್ ಗಾಜಾ, ಆಚೆ ಕಾಣಕ್ಕೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಅವನು ಕೂರಲಿಲ್ಲ. ತಮಟೆ ನಿಂತೊಡನೆ ಹೊರನಡೆದ.

ನಲ್ಲಿಯ ಬಳಿ ಚೈತ್ರಾಳ ತಾಳ್ಮೆಯ ಕಟ್ಟೆ ಒಡೆಯಿತು. "ನಾಚಿಕೆ ಆಗಲ್ವಾ ತಾತ? ದಿನಾ ನೀವು ನೋಡೋ ಸಿನಿಮಾನ ಆ ಮಗು ಒಂದು ಸಲ ನೋಡಿದರೆ ಏನಾಗುತ್ತೆ?"

ಕೆಂಪಯ್ಯ ತಲೆಯೆತ್ತಿದ. ಗಡ್ಡದಿಂದ ನೀರು ಇಳಿಯುತ್ತಿತ್ತು.

"ಕ್ವಾರಿಯಿಂದ ನನ್ ಮಗನ್ನ ಬಟ್ಟೇಲಿ ಸುತ್ತಿ ತಂದ್ರು ಕಣವ್ವ, ಮೊಗ ನೋಡಕ್ಕೆ ಬುಡ್ನಿಲ್ಲ," ಎಂದ. "ಅದಕ್ ಮುಂಚೆ ಒಂದಿನದ ಕೂಲಿಗೆ ಆ ಚಟ್ಟದ ಮ್ಯಾಲೆ ಮಲಗಿದ್ದೋನು ಅವನೇಯ."